ಸಫಾರಿಗೆ ಹೊರಡುವ ಮುನ್ನ ಮನೆಯೊಳಗೊಂದು ಮಾತು

ಸಫಾರಿ ಎಂದೊಡನೆ ತೆರೆದ ಜೀಪು ಮತ್ತು ಅದರ ಮುಂದೆ ಹುಲ್ಲಿನಲ್ಲಿ ಮಲಗಿದ ಸಿಂಹ ನಮ್ಮ ಕಣ್ಣೆದುರು ಬರುತ್ತವೆ. ಆದರೆ ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ಸಫಾರಿ ಎಂದರೆ ಬರೀ ಪ್ರಯಾಣ. ನೆಂಟರ ಊರಿಗೆ ಹೋಗುವುದೂ ಅಲ್ಲಿ ಸಫಾರಿಯೇ. ಅರಬಿಯ ಸಫರ್ ಎಂಬ ಪದವೇ ವ್ಯಾಪಾರಿಗಳ ಹಡಗಿನಲ್ಲಿ ಆ ಕರಾವಳಿಗೆ ಹೋಗಿ ಸಫಾರಿಯಾಯಿತು. ಖಬರ್ ಅಲ್ಲಿ ಹಬಾರಿಯಾಗಿದೆ, ಕಿತಾಬ್ ಕಿತಾಬುವಾಗಿದೆ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನು ನೋಡಿ ಚಿಂತಿಸಬೇಕೆಂದು ಕುರ್‌ಆನ್ ನಮ್ಮನ್ನು ಮತ್ತೆ ಮತ್ತೆ ಪ್ರೇರೇಪಿಸುತ್ತದೆ. ಆದ್ದರಿಂದ ಹೆಂಗಸರು ಮಕ್ಕಳು ಸೇರಿ ಕಾಡು ನೋಡಲು ಹೋಗುವುದು ದುಂದುಗಾರಿಕೆ ಎಂದು ನಾನು ತಿಳಿದಿಲ್ಲ. ಆದರೆ ಸಫರ್‌ಗೆ ಸಿದ್ಧತೆ ಬೇಕು. ಆಫ್ರಿಕಾದ ಸಫರ್‌ಗೆ ಇನ್ನಷ್ಟು ಬೇಕು.

ಈ ಸಿದ್ಧತೆಯ ಬಗ್ಗೆ ಗೆಳತಿಯರು ನನ್ನಲ್ಲಿ ಕೇಳುವುದು ಹೆಚ್ಚಾಗಿ ಚೀಲದ ವಿಷಯ. ಯಾವ ಶೂ, ಯಾವ ಕ್ಯಾಮರಾ, ಎಷ್ಟು ಜೊತೆ ಬಟ್ಟೆ ಎಂದೆಲ್ಲ. ಅದನ್ನೂ ಹೇಳುತ್ತೇನೆ. ಆದರೆ ಮೊದಲ ಸಿದ್ಧತೆ ಅಂಗಡಿಯಲ್ಲಿ ಆಗುವಂಥದ್ದಲ್ಲ. ಅದು ಮನೆಯ ಹೆಂಗಸರು ಬಾಗಿಲು ಹಾಕಿಕೊಂಡು ಆಡಬೇಕಾದ ಒಂದು ಮಾತು.

ನಮ್ಮ ಮನೆಯಲ್ಲಿ ಏಳು ಮಂದಿ ಹೊರಡುವುದೆಂದು ನಿಶ್ಚಯವಾಗಿತ್ತು. ನಾವಿಬ್ಬರು, 14 ವರ್ಷದ ಮಗಳು, 7 ವರ್ಷದ ಮಗ, 67 ವರ್ಷದ ಅತ್ತೆ, ಮೈದುನ ಮತ್ತು ಮದುವೆಯಾಗಿ ಒಂದು ವರ್ಷವೂ ತುಂಬದ ನನ್ನ ಓರಗಿತ್ತಿ. ಅಣ್ಣ ತಮ್ಮಂದಿರು ಸಾಲ ಮಾಡದೆ ಎರಡು ವರ್ಷ ಕೂಡಿಟ್ಟ ಹಣ. 2024ರ ಅಕ್ಟೋಬರ್‌ನಲ್ಲಿ ಮಕ್ಕಳಿಗೆ ದಸರಾ ರಜೆ. ಕೀನ್ಯಾದ ನೈರೋಬಿಯಲ್ಲಿ ಎರಡು ದಿನ, ಮಸಾಯಿ ಮಾರಾದಲ್ಲಿ ಮೂರು ರಾತ್ರಿ ಎಂದು ಯೋಜನೆ.

ತಿಂಗಳನ್ನು ಆರಿಸುವಾಗ ಎರಡು ಲೆಕ್ಕ ನೋಡಬೇಕು. ಒಂದು ಮಳೆಯದ್ದು. ಕೀನ್ಯಾದಲ್ಲಿ ಮಾರ್ಚ್‌ನಿಂದ ಮೇ ತನಕ ದೊಡ್ಡ ಮಳೆ, ನವೆಂಬರ್ ಡಿಸೆಂಬರ್‌ನಲ್ಲಿ ಸಣ್ಣ ಮಳೆ. ಮಳೆಗಾಲದಲ್ಲಿ ಮಾರಾದ ಮಣ್ಣು ರಸ್ತೆಗಳಲ್ಲಿ ವಾಹನ ಹೂತುಹೋಗುತ್ತದೆ. ಜುಲೈಯಿಂದ ಅಕ್ಟೋಬರ್ ತನಕ ತಾಂಜಾನಿಯಾದ ಸೆರೆಂಗೆಟಿಯಿಂದ ಲಕ್ಷಾಂತರ ವೈಲ್ಡ್‌ಬೀಸ್ಟ್‌ಗಳು ಹುಲ್ಲು ಹುಡುಕುತ್ತಾ ಮಾರಾ ನದಿ ದಾಟಿ ಬರುತ್ತವೆ. ಎಲ್ಲರೂ ಆಗಲೇ ಹೋಗಬಯಸುತ್ತಾರೆ. ಎರಡನೆಯದು ಹಣದ ಲೆಕ್ಕ. 2024ರಲ್ಲಿ ಮಾರಾದ ಪ್ರವೇಶ ಶುಲ್ಕವನ್ನು ಏರಿಸಿದರು. ಹೊರದೇಶದ ವಯಸ್ಕರಿಗೆ ಜನವರಿಯಿಂದ ಜೂನ್ ತನಕ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್ ತನಕ 200 ಡಾಲರ್. 9ರಿಂದ 17 ವರ್ಷದವರಿಗೆ 50 ಡಾಲರ್, ಅದಕ್ಕಿಂತ ಸಣ್ಣ ಮಕ್ಕಳಿಗೆ ಉಚಿತ. ಇದು ಒಬ್ಬರಿಗೆ ಒಂದು ದಿನದ ಲೆಕ್ಕ. ವಿಮಾನ, ವಸತಿ, ವಾಹನದ ಖರ್ಚು ಬೇರೆ. ಏಜೆಂಟರು ಹೇಳುವ ಮೊತ್ತದಲ್ಲಿ ಈ ಶುಲ್ಕ ಸೇರಿದೆಯೇ, ಎಷ್ಟು ದಿನದ್ದು ಸೇರಿದೆ ಎಂದು ಬರವಣಿಗೆಯಲ್ಲೇ ಕೇಳಿರಿ. ವೈಲ್ಡ್‌ಬೀಸ್ಟ್‌ಗಳ ಹಿಂಡು ಕಾಣದಿದ್ದರೂ ಪರವಾಗಿಲ್ಲ ಎನ್ನುವವರು ಜನವರಿ ಫೆಬ್ರವರಿಯಲ್ಲಿ ಹೋದರೆ ಶುಲ್ಕ ಅರ್ಧವಾಗುತ್ತದೆ. ಸಿಂಹ, ಆನೆ, ಜಿರಾಫೆಗಳು ವರ್ಷವಿಡೀ ಅಲ್ಲೇ ಇರುತ್ತವೆ.

ಇನ್ನು ವೀಸಾ. 2024ರ ಜನವರಿಯಿಂದ ಕೀನ್ಯಾ ವೀಸಾ ಪದ್ಧತಿಯನ್ನು ಬಿಟ್ಟು ಇಟಿಎ ಎಂಬ ಆನ್‌ಲೈನ್ ಅನುಮತಿಯನ್ನು ತಂದಿದೆ. ಹಸುಗೂಸಿಗೂ ಅದು ಪ್ರತ್ಯೇಕವಾಗಿ ಬೇಕು. ಸರಕಾರಿ ತಾಣದಲ್ಲೇ ಅರ್ಜಿ ಹಾಕಬೇಕು, ಹೊರಡುವ ಹಿಂದಿನ ದಿನದ ತನಕ ಕಾಯಬಾರದು.

ಈಗ ಆ ಬಾಗಿಲು ಹಾಕಿಕೊಂಡು ಆಡಬೇಕಾದ ಮಾತಿಗೆ ಬರುತ್ತೇನೆ.

ಕೀನ್ಯಾ ಹಳದಿ ಜ್ವರ ಇರುವ ದೇಶಗಳ ಪಟ್ಟಿಯಲ್ಲಿದೆ. ಈ ರೋಗವನ್ನು ಹರಡುವುದು ನಮ್ಮೂರಿನಲ್ಲಿ ಡೆಂಗ್ಯೂ ಹರಡುವ ಅದೇ ಜಾತಿಯ ಸೊಳ್ಳೆ. ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ, ರೋಗ ಮಾತ್ರ ಇಲ್ಲ. ಒಬ್ಬ ಪ್ರಯಾಣಿಕ ಅದನ್ನು ಹೊತ್ತು ತಂದರೂ ಸಾಕು ಎಂಬ ಭಯದಿಂದಲೇ ಭಾರತ ಸರಕಾರ ಇದರಲ್ಲಿ ಬಹಳ ಕಟ್ಟುನಿಟ್ಟು. ಆ ದೇಶಗಳಿಂದ ಹಿಂತಿರುಗುವವರ ಬಳಿ ಲಸಿಕೆಯ ಹಳದಿ ಕಾರ್ಡು ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದ ನೇರವಾಗಿ ಪ್ರತ್ಯೇಕ ವಾಸಕ್ಕೆ ಕಳುಹಿಸಬಹುದು, 6 ದಿನಗಳ ತನಕ. ಲಸಿಕೆ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ. ಕೇಂದ್ರ ಸರಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮೊದಲೇ ಹೆಸರು ಬರೆಸಿ ಹೋಗಬೇಕು. ಚುಚ್ಚಿಸಿಕೊಂಡು 10 ದಿನ ಕಳೆದ ಮೇಲಷ್ಟೇ ಕಾರ್ಡಿಗೆ ಬೆಲೆ. ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕೆಂದು 2016ರಿಂದ ನಿಯಮವಾಗಿದೆ. ಕಾರ್ಡಿನಲ್ಲಿ ಬರೆದ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಸರಿಯಾಗಿವೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ.

ಆದರೆ ಇದು ಎಲ್ಲರಿಗೂ ಹಾಕುವ ಲಸಿಕೆಯಲ್ಲ. ಇದರಲ್ಲಿರುವುದು ಜೀವಂತ ವೈರಸ್, ಶಕ್ತಿ ಕುಂದಿಸಿದ್ದು ಅಷ್ಟೇ. 9 ತಿಂಗಳು ತುಂಬದ ಶಿಶುಗಳಿಗೆ ಹಾಕುವುದಿಲ್ಲ. ಮೊಟ್ಟೆಯ ತೀವ್ರ ಅಲರ್ಜಿ ಇರುವವರಿಗೆ, ಕ್ಯಾನ್ಸರ್ ಮುಂತಾದ ಚಿಕಿತ್ಸೆಯಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಆಗುವುದಿಲ್ಲ. 60 ದಾಟಿದವರು ಮೊದಲ ಬಾರಿ ಹಾಕಿಸಿಕೊಳ್ಳುವಾಗ ಅಡ್ಡ ಪರಿಣಾಮದ ಸಾಧ್ಯತೆ ಹೆಚ್ಚು. ಗರ್ಭಿಣಿಯರಿಗೂ ಎಳೆಗೂಸಿಗೆ ಹಾಲುಣಿಸುವ ತಾಯಂದಿರಿಗೂ ಸಾಮಾನ್ಯವಾಗಿ ಹಾಕುವುದಿಲ್ಲ.

ಲಸಿಕೆ ಕೇಂದ್ರದಲ್ಲಿ ಮನೆಯವರೆಲ್ಲ ಒಟ್ಟಿಗೆ ಸಾಲಿನಲ್ಲಿ ನಿಲ್ಲುತ್ತಾರೆ. ಮೇಜಿನ ಆಚೆ ಕುಳಿತವರು ಎಲ್ಲರ ಎದುರೇ ಕೇಳುತ್ತಾರೆ, ಗರ್ಭಿಣಿಯೇ, ಮುಟ್ಟಾಗಿ ಎಷ್ಟು ದಿನವಾಯಿತು ಎಂದು. ಮಾವ, ಮೈದುನ ಪಕ್ಕದಲ್ಲಿ ನಿಂತಿರುವಾಗ ಹೊಸ ಸೊಸೆ ಏನು ಉತ್ತರಿಸಿಯಾಳು? ಮೂರು ತಿಂಗಳು ತುಂಬದೆ ಬಸಿರಿನ ಸುದ್ದಿ ಹೊರಗೆ ಹೇಳಬಾರದೆನ್ನುವುದು ನಮ್ಮ ಎಷ್ಟೋ ಮನೆಗಳ ವಾಡಿಕೆ. ನಾಚಿಕೆಯಿಂದ ಅವಳು ಇಲ್ಲ ಎಂದುಬಿಟ್ಟರೆ ಸೂಜಿ ಚುಚ್ಚಿಯೇ ಬಿಡುತ್ತಾರೆ. ಆದ್ದರಿಂದ ಆ ಪ್ರಶ್ನೆಯನ್ನು ಮನೆಯಲ್ಲೇ ಹೆಂಗಸರು ತಮ್ಮೊಳಗೆ ಕೇಳಿ ಮುಗಿಸಿರಬೇಕು.

ಹೋಗುವ ಒಂದು ವಾರ ಮೊದಲು ನಾನು ಓರಗಿತ್ತಿಯನ್ನು ಕೋಣೆಗೆ ಕರೆದು ಲಸಿಕೆಯ ವಿಷಯವನ್ನೆಲ್ಲ ವಿವರಿಸಿದೆ. ನೇರವಾಗಿ ಏನನ್ನೂ ಕೇಳಲಿಲ್ಲ. ಅವಳು ಸ್ವಲ್ಪ ಹೊತ್ತು ದುಪಟ್ಟಾದ ಅಂಚನ್ನು ಮಡಚುತ್ತಾ ಕುಳಿತಳು.

"ಅಕ್ಕಾ, ಆರು ವಾರ ಆಯಿತು. ಅವರಿಗೆ ಮಾತ್ರ ಗೊತ್ತು. ನನ್ನಿಂದಾಗಿ ಎಲ್ಲರ ಪ್ರಯಾಣ ಹಾಳಾಗುವುದು ಬೇಡವೆಂದು ಸುಮ್ಮನಿದ್ದೆ" ಎಂದಳು.

ಅವಳ ಒಪ್ಪಿಗೆ ಪಡೆದು ಅತ್ತೆಗೆ ಹೇಳಿದೆ. ಅಂದು ರಾತ್ರಿ ಮನೆಯಲ್ಲಿ ಮಾತುಕತೆಯಾಯಿತು. ಮುಂಗಡ ಕೊಟ್ಟಾಗಿತ್ತು. ಮೈದುನನಿಗೆ ಬೇಸರ. ಏಜೆಂಟರಿಗೆ ಫೋನು ಮಾಡಿದರೆ ಅವರು ಬಲು ಸುಲಭದ ದಾರಿ ತೋರಿಸಿದರು. ಇಂಜೆಕ್ಷನ್ ಹಾಕಿಸಿಕೊಳ್ಳದೆಯೇ ಕಾರ್ಡು ಮಾಡಿಸಿಕೊಡುವವರಿದ್ದಾರೆ, ಎಷ್ಟೋ ಮಂದಿ ಹಾಗೆಯೇ ಹೋಗಿ ಬಂದಿದ್ದಾರೆ ಎಂದು. ಮೈದುನ ಫೋನಿಟ್ಟು ನಮ್ಮ ಮುಖ ನೋಡಿದ.

"ಹಾಗಾದರೆ ಸಮಸ್ಯೆ ಮುಗಿಯಿತಲ್ಲ ಅತ್ತಿಗೆ?" ಎಂದ.

ನಾನು ಉತ್ತರಿಸುವ ಮೊದಲೇ ಅತ್ತೆ ಮಾತಾಡಿದರು. "ಅಲ್ಲಾಹನ ಸೃಷ್ಟಿ ನೋಡಲು ಸುಳ್ಳು ಕಾಗದ ಹಿಡಿದುಕೊಂಡು ಹೋಗುವುದೇ ಮಗನೇ? ಅಲ್ಲಿಯ ಸೊಳ್ಳೆ ಕಚ್ಚುವ ಮೊದಲು ಕಾರ್ಡು ತೋರಿಸು ಎಂದು ಕೇಳುತ್ತದಾ?"

ಯಾರೂ ಎದುರಾಡಲಿಲ್ಲ. ಮರುದಿನ ಓರಗಿತ್ತಿಯನ್ನು ವೈದ್ಯೆಯ ಬಳಿ ಕರೆದೊಯ್ದೆವು. ಲಸಿಕೆಯ ಪ್ರಶ್ನೆಗಿಂತಲೂ ಮಲೇರಿಯಾದ ಪ್ರಶ್ನೆ ದೊಡ್ಡದು ಎಂದು ಅವರು ತಿಳಿಸಿದರು. ಗರ್ಭಿಣಿಗೆ ಆಫ್ರಿಕಾದ ಮಲೇರಿಯಾ ಬಂದರೆ ತಾಯಿಗೂ ಮಗುವಿಗೂ ಅಪಾಯ, ತಡೆಯಲು ಕೊಡುವ ಮಾತ್ರೆಗಳಲ್ಲಿ ಹೆಚ್ಚಿನವು ಗರ್ಭಿಣಿಗೆ ಹೇಳಿದ್ದಲ್ಲ, ಅನಿವಾರ್ಯವಲ್ಲದ ಪ್ರಯಾಣವನ್ನು ಮುಂದೂಡುವುದೇ ಸರಿ ಎಂದರು. ಅತ್ತೆಗೆ ಸಕ್ಕರೆ ಕಾಯಿಲೆ ಇದೆ. ಅವರ ವಯಸ್ಸಿನಲ್ಲಿ ಮೊದಲ ಬಾರಿ ಈ ಲಸಿಕೆ ಬೇಕೇ ಎಂದು ಯೋಚಿಸಿರಿ ಎಂದೂ ಹೇಳಿದರು. "ನಾನು ಹುಡುಗಿಯ ಜೊತೆ ಮನೆಯಲ್ಲಿರುತ್ತೇನೆ, ನೀವು ಹೋಗಿ ಬನ್ನಿ" ಎಂದು ಅತ್ತೆ ತಾವಾಗಿಯೇ ಹಿಂದೆ ಸರಿದರು. ಮೈದುನನೂ ಹೆಂಡತಿಯೊಂದಿಗೆ ಉಳಿದ. ಮುಂಗಡದಲ್ಲಿ ಒಂದು ಪಾಲು ಹಿಂದೆ ಬರಲಿಲ್ಲ. ಕಾಯ್ದಿರಿಸುವಾಗಲೇ ರದ್ದತಿಯ ಷರತ್ತುಗಳನ್ನು ಓದಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಹಣ ಕಟ್ಟಿದ ಮೇಲೆ ಈ ಮಾತು ಆಡುವುದಕ್ಕಿಂತ ಕಟ್ಟುವ ಮೊದಲೇ ಆಡಿದರೆ ಮನೆಯ ಸೊಸೆಗೆ ಅಷ್ಟು ಭಾರ ಅನ್ನಿಸದು.

ಮಲೇರಿಯಾದ ಬಗ್ಗೆ ನಮ್ಮ ಕಡೆಯವರಿಗೆ ಬೇರೆಯೇ ಒಂದು ಧೈರ್ಯವಿದೆ. ಮಂಗಳೂರಿನವರಿಗೆ ಮಲೇರಿಯಾ ಹೊಸತೇ, ನಾವು ಅದರೊಂದಿಗೇ ಬೆಳೆದವರು ಎನ್ನುತ್ತಾರೆ. ನಮ್ಮವರೂ ಹಾಗೆಯೇ ಅಂದರು. ಆದರೆ ನಮ್ಮಲ್ಲಿ ಹೆಚ್ಚಾಗಿ ಬರುವುದು ವೈವ್ಯಾಕ್ಸ್ ಎಂಬ ಬಗೆ. ಆಫ್ರಿಕಾದಲ್ಲಿ ಹೆಚ್ಚಾಗಿರುವುದು ಫಾಲ್ಸಿಪಾರಮ್. ಅದು ಮಿದುಳಿಗೆ, ಮೂತ್ರಪಿಂಡಕ್ಕೆ ಏರಿ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಕುತ್ತು ತರಬಲ್ಲದು. ನಮ್ಮ ಹಿರಿಯರು ನಂಬಿದ್ದ ಕ್ಲೋರೋಕ್ವಿನ್ ಅಲ್ಲಿ ಕೆಲಸ ಮಾಡುವುದಿಲ್ಲ. ನೈರೋಬಿ ನಗರ ಎತ್ತರದಲ್ಲಿರುವುದರಿಂದ ಅಲ್ಲಿ ಅಪಾಯ ಕಡಿಮೆ, ಮಾರಾದಲ್ಲಿ ಇದೆ.

ತಡೆಯುವ ಮಾತ್ರೆಗಳಲ್ಲಿ ಮೂರು ಬಗೆ ಸಾಮಾನ್ಯ. ಅಟೊವಾಕ್ವೋನ್-ಪ್ರೊಗ್ವಾನಿಲ್ ಅನ್ನು ಹೊರಡುವ ಒಂದೆರಡು ದಿನ ಮೊದಲು ಆರಂಭಿಸಿ ಪ್ರತಿದಿನ ತೆಗೆದುಕೊಂಡು, ಆ ಪ್ರದೇಶ ಬಿಟ್ಟ ಮೇಲೆ 7 ದಿನ ಮುಂದುವರಿಸಬೇಕು. ಡಾಕ್ಸಿಸೈಕ್ಲಿನ್ ಅನ್ನೂ ಒಂದೆರಡು ದಿನ ಮೊದಲು ಆರಂಭಿಸಬೇಕು, ಆದರೆ ಬಿಟ್ಟ ಮೇಲೆ 4 ವಾರ ಮುಂದುವರಿಸಬೇಕು. ಇದನ್ನು ಗರ್ಭಿಣಿಯರಿಗೂ 8 ವರ್ಷದೊಳಗಿನ ಮಕ್ಕಳಿಗೂ ಕೊಡುವುದಿಲ್ಲ, ಬಿಸಿಲಿಗೆ ಚರ್ಮ ಕೆಂಪಾಗುವುದೂ ಉಂಟು. ಮೆಫ್ಲೋಕ್ವಿನ್ ವಾರಕ್ಕೊಂದು, ಆದರೆ ಎರಡು ಮೂರು ವಾರ ಮೊದಲೇ ಶುರುವಾಗಬೇಕು. ಮಾನಸಿಕ ತೊಂದರೆ, ಅಪಸ್ಮಾರ ಇದ್ದವರಿಗೆ ಅದು ಆಗದು. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ತೀರ್ಮಾನಿಸಬೇಕು, ನೆರೆಮನೆಯವರ ಚೀಟಿ ನೋಡಿ ತರಬಾರದು. ಊರಿಗೆ ಬಂದ ಮೇಲೆ ಮಾತ್ರೆ ನಿಲ್ಲಿಸಿಬಿಡುವವರೇ ಹೆಚ್ಚು. ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೊನೆಯ ದಿನದ ತನಕ ಗುರುತು ಹಾಕಿಟ್ಟಿದ್ದೆ. ಹಿಂತಿರುಗಿದ ಮೇಲೆ ಕೆಲವು ತಿಂಗಳ ತನಕ ಯಾರಿಗೆ ಜ್ವರ ಬಂದರೂ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು, "ನಾವು ಆಫ್ರಿಕಾಕ್ಕೆ ಹೋಗಿ ಬಂದಿದ್ದೇವೆ" ಎಂದು.

ಇನ್ನು ಉಡುಪು. ನಮ್ಮ ಹೆಂಗಸರು ಇಲ್ಲಿ ವಿಶೇಷವಾಗಿ ಗಮನಿಸಬೇಕಾದುದಿದೆ. ಆ ಕಾಡುಗಳಲ್ಲಿ ತ್ಸೆತ್ಸೆ ಎಂಬ ನೊಣವಿದೆ. ಬಟ್ಟೆಯ ಮೇಲಿನಿಂದಲೇ ಕಚ್ಚುತ್ತದೆ, ಕಚ್ಚಿದರೆ ಉರಿ. ಅದನ್ನು ಆಕರ್ಷಿಸುವ ಬಣ್ಣಗಳು ಕಪ್ಪು ಮತ್ತು ಗಾಢ ನೀಲಿ. ಅದನ್ನು ಹಿಡಿಯಲು ಅಲ್ಲಿ ಕಟ್ಟುವ ಬಲೆಗಳೂ ನೀಲಿ ಕಪ್ಪು ಬಟ್ಟೆಯವೇ. ಹಾಗಾಗಿ ನಿತ್ಯದ ಕಪ್ಪು ಬುರ್ಖಾ ಪೇಟೆಗೆ ಇರಲಿ. ಕಾಡಿಗೆ ಮಣ್ಣಿನ ಬಣ್ಣದ, ಬೂದು ಅಥವಾ ತಿಳಿ ಕಂದು ಬಣ್ಣದ ಹತ್ತಿಯ ಅಬಾಯ ಹೊಲಿಸಿಕೊಳ್ಳಿ. ವಾಹನ ಹತ್ತಿಳಿಯಲು ಅನುಕೂಲವಾಗುವಂತೆ ಒಳಗೆ ಸಡಿಲ ಪ್ಯಾಂಟ್ ಇರಲಿ. ಪೂರ್ಣ ತೋಳಿನ ಉಡುಪಿಗೆ, ತಲೆವಸ್ತ್ರಕ್ಕೆ ನಾವು ಮೊದಲೇ ಒಗ್ಗಿದವರು. ಬಿಸಿಲು, ಧೂಳು, ಸೊಳ್ಳೆಗಳಿಂದ ಕಾಪಾಡಿಕೊಳ್ಳಲು ಅಲ್ಲಿಗೆ ಹೋಗುವ ಎಲ್ಲರಿಗೂ ಹೇಳುವ ಸಲಹೆಯೂ ಅದೇ. ಜಾರುವ ರೇಷ್ಮೆಯ ಶಾಲು ಬೇಡ, ತೆರೆದ ಛಾವಣಿಯ ವಾಹನದಲ್ಲಿ ಗಾಳಿಗೆ ನಿಲ್ಲದು. ಸೈನಿಕರ ಸಮವಸ್ತ್ರದಂತಿರುವ ಹಸಿರು ಚುಕ್ಕೆಯ ಬಟ್ಟೆ ಮಕ್ಕಳಿಗೂ ಬೇಡ, ಆಫ್ರಿಕಾದ ಹಲವು ದೇಶಗಳಲ್ಲಿ ಅದನ್ನು ಸಾಮಾನ್ಯರು ಧರಿಸುವಂತಿಲ್ಲ.

ಆಫ್ರಿಕಾ ಎಂದರೆ ಸೆಕೆ ಎಂದು ತಿಳಿದು ಸ್ವೆಟರ್ ಬಿಟ್ಟು ಹೋಗಬೇಡಿ. ಮಾರಾ ಇರುವುದು ಸಮುದ್ರ ಮಟ್ಟದಿಂದ 1500 ಮೀಟರಿಗೂ ಎತ್ತರದಲ್ಲಿ. ಬೆಳಗಿನ ಆರು ಗಂಟೆಗೆ ಗಾಡಿಯಲ್ಲಿ ಕುಳಿತಾಗ ಮಗಳ ಹಲ್ಲು ಕಟಕಟ ಎನ್ನುತ್ತಿತ್ತು, ಹತ್ತು ಗಂಟೆಗೆ ಬಿಸಿಲು ಸುಡುತ್ತಿತ್ತು. ನೈರೋಬಿಯಿಂದ ಮಾರಾಕ್ಕೆ ರಸ್ತೆಯಲ್ಲಿ ಐದಾರು ಗಂಟೆ. ಸಣ್ಣ ವಿಮಾನದಲ್ಲಿ ಹೋಗುವವರಿಗೆ ಸಾಮಾನ್ಯವಾಗಿ 15 ಕಿಲೋ ಮಿತಿ, ಅದೂ ಮೆತ್ತಗಿನ ಚೀಲವೇ ಆಗಬೇಕು.

ಚೀಲ ತುಂಬುವಾಗ ಚಪ್ಪಲಿಗೊಂದು, ಸೋಪಿಗೊಂದು, ಒದ್ದೆ ಬಟ್ಟೆಗೊಂದು ಎಂದು ಪ್ಲಾಸ್ಟಿಕ್ ಕವರ್ ಹಾಕುವುದು ನಮ್ಮೆಲ್ಲರ ಅಭ್ಯಾಸ. ಕೀನ್ಯಾ 2017ರಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ, ದಂಡವೂ ದೊಡ್ಡದು. 2020ರ ಜೂನ್‌ನಿಂದ ರಾಷ್ಟ್ರೀಯ ಉದ್ಯಾನಗಳಂಥ ಸಂರಕ್ಷಿತ ಪ್ರದೇಶಗಳಿಗೆ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿ, ಸ್ಟ್ರಾಗಳನ್ನೂ ಒಯ್ಯುವಂತಿಲ್ಲ. ಹಳೆಯ ತಲೆದಿಂಬಿನ ಕವರುಗಳನ್ನೂ ಹೊಲಿದ ಬಟ್ಟೆ ಚೀಲಗಳನ್ನೂ ಬಳಸಿರಿ, ಸ್ಟೀಲ್ ಬಾಟಲಿ ಒಯ್ಯಿರಿ. ನಿತ್ಯದ ಔಷಧಿ ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇರಲಿ. ಹೆಂಗಸರಿಗೆ ಬೇಕಾದ ಪ್ಯಾಡ್‌ಗಳನ್ನು ಊರಿನಿಂದಲೇ ಒಯ್ಯಿರಿ, ಕಾಡಿನ ನಡುವೆ ಅಂಗಡಿ ಇರುವುದಿಲ್ಲ. ಅಲ್ಲಿಯ ಪ್ಲಗ್ ಮೂರು ಚಪ್ಪಟೆ ಕಾಲಿನದು, ಗಲ್ಫಿನಿಂದ ಬಂದ ಚಾರ್ಜರ್ ಮನೆಯಲ್ಲಿದ್ದರೆ ಅದೇ ಸಾಕು. ಪ್ರಯಾಣ ವಿಮೆ ಮಾಡಿಸುವವರು ಕಾಡಿನಿಂದ ವಿಮಾನದಲ್ಲಿ ನೈರೋಬಿಯ ಆಸ್ಪತ್ರೆಗೆ ಸಾಗಿಸುವ ಖರ್ಚು ಅದರಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳಬೇಕು.

ನಮಾಝಿನ ವಿಷಯ. ನಮ್ಮ ಊರಿನಲ್ಲಿ ಕಿಬ್ಲಾ ಪಶ್ಚಿಮದ ಕಡೆಗೆ. ಕೀನ್ಯಾ ಮಕ್ಕಾದ ದಕ್ಷಿಣಕ್ಕಿದೆ, ಆದ್ದರಿಂದ ಅಲ್ಲಿ ಉತ್ತರಕ್ಕೆ, ಸ್ವಲ್ಪವೇ ಪೂರ್ವಕ್ಕೆ ವಾಲಿ ನಿಲ್ಲಬೇಕು. ಮಗ ಮೊದಲ ದಿನ ಸೂರ್ಯ ಮುಳುಗುವ ಕಡೆಗೆ ಮುಸಲ್ಲಾ ಹಾಸಿದ್ದ, ತಿರುಗಿಸಿ ಹಾಕಿಸಿದೆ. ಭೂಮಧ್ಯರೇಖೆಯ ಹತ್ತಿರವಾದ್ದರಿಂದ ಹಗಲು ರಾತ್ರಿ ವರ್ಷವಿಡೀ ಹೆಚ್ಚು ಕಡಿಮೆ ಸಮ. ನಾವಿದ್ದಾಗ ಸೂರ್ಯಾಸ್ತ ಆರೂಕಾಲರ ನಂತರ ಇತ್ತು. ಬೆಳಗ್ಗೆ ಆರಕ್ಕೆ ವಾಹನ ಹೊರಡುವುದರಿಂದ ಫಜ್ರ್‌ಗೆ ತೊಂದರೆಯಿಲ್ಲ, ಸಂಜೆ ಕತ್ತಲಾಗುವ ಮೊದಲು ಶಿಬಿರಕ್ಕೆ ಮರಳಲೇಬೇಕೆಂಬ ನಿಯಮವಿರುವುದರಿಂದ ಮಗ್ರಿಬ್‌ಗೂ ತೊಂದರೆಯಿಲ್ಲ. ಇಡೀ ದಿನ ಸುತ್ತುವಾಗ ಮಾತ್ರ ಝುಹ್ರ್ ಮತ್ತು ಅಸ್ರ್‌ನ ಯೋಚನೆ ಬೇಕು. ಉದ್ಯಾನದೊಳಗೆ ಬೇಕೆಂದಲ್ಲಿ ಗಾಡಿಯಿಂದ ಇಳಿಯುವಂತಿಲ್ಲ. ಊಟಕ್ಕೆ ನಿಲ್ಲಿಸುವ ಗೊತ್ತಾದ ಜಾಗದಲ್ಲಿ ನಮಾಝ್ ಮಾಡಬೇಕೆಂದು ಚಾಲಕರಿಗೆ ಬೆಳಗ್ಗೆಯೇ ತಿಳಿಸಿದರೆ ಅವರು ಸುರಕ್ಷಿತ ಜಾಗ ನೋಡಿ ನಿಲ್ಲಿಸುತ್ತಾರೆ. ನಾವು ಶಾಫಿಗಳಾದ್ದರಿಂದ ಎರಡನ್ನೂ ಸೇರಿಸಿ ಕಸ್ರ್ ಆಗಿ ನಿರ್ವಹಿಸಿದೆವು. ಹನಫಿಗಳು ಪ್ರಯಾಣದಲ್ಲಿ ಕಸ್ರ್ ಮಾಡಿದರೂ ಹಾಗೆ ಸೇರಿಸುವುದಿಲ್ಲ. ಆದ್ದರಿಂದ ಅವರವರ ವಿದ್ವಾಂಸರಲ್ಲಿ ಮೊದಲೇ ಕೇಳಿಕೊಳ್ಳುವುದು ಒಳಿತು. ಕುಡಿಯುವ ನೀರು ಕೊರತೆಯಾದಾಗ ತಯಮ್ಮುಮ್ ಹೇಗೆ ಮಾಡಬೇಕೆಂದು ಮಕ್ಕಳಿಗೂ ಕಲಿಸಿರಿ.

ಊಟಕ್ಕೆ ನೈರೋಬಿಯಲ್ಲಿ ಕಷ್ಟವಿಲ್ಲ. 2019ರ ಜನಗಣತಿಯಂತೆ ಕೀನ್ಯಾದ ಜನರಲ್ಲಿ ಸುಮಾರು ನೂರಕ್ಕೆ 11 ಮಂದಿ ಮುಸ್ಲಿಮರು. ನಗರದ ಮಧ್ಯದಲ್ಲೇ ಜಾಮಿಯಾ ಮಸೀದಿಯಿದೆ, ಸೊಮಾಲಿಗಳು ಹೆಚ್ಚಾಗಿರುವ ಈಸ್ಟ್ಲೀಯಲ್ಲಿ ಎತ್ತ ನೋಡಿದರೂ ಹಲಾಲ್ ಹೋಟೆಲುಗಳು. ಚಪಾತಿ, ಪಿಲಾವು, ಸಂಬೂಸ ಅಲ್ಲಿಯ ಜನರ ನಿತ್ಯದ ತಿನಿಸು. ಕಾಡಿನ ವಸತಿಗಳಲ್ಲಿ ಮಾತ್ರ ಕಾಯ್ದಿರಿಸುವಾಗಲೇ ಹಲಾಲ್ ಬೇಕೆಂದು ಬರೆದು ತಿಳಿಸಬೇಕು. ಖಾತ್ರಿಯಾಗದಿದ್ದರೆ ಬೇಳೆ, ತರಕಾರಿ, ಚಪಾತಿ ಇದ್ದೇ ಇರುತ್ತದೆ. ಬೆಳಗಿನ ಉಪಾಹಾರದಲ್ಲಿ ಮೊಟ್ಟೆ ಹಾಕುವ ಕಾವಲಿಯಲ್ಲೇ ಹಂದಿಮಾಂಸವನ್ನೂ ಬೇಯಿಸುವುದುಂಟು. ಬೇರೆ ಪಾತ್ರೆಯಲ್ಲಿ ಮಾಡಿಕೊಡಿ ಎಂದರೆ ಮಾಡಿಕೊಡುತ್ತಾರೆ, ಅಥವಾ ಬೇಯಿಸಿದ ಮೊಟ್ಟೆ ಕೇಳಿರಿ. ಡೇರೆಯೊಳಗೆ ಬಾಳೆಹಣ್ಣು, ಬಿಸ್ಕತ್ತು ಇಡಬೇಡಿ. ಜಿಪ್ಪು ತೆರೆಯಬಲ್ಲ ಕೋತಿಗಳಿವೆ.

ಮಕ್ಕಳಿಗೆ ಊರಿನಲ್ಲೇ ಹೇಳಿಕೊಡಬೇಕಾದ ಶಿಸ್ತು ಕೆಲವಿದೆ. ಪ್ರಾಣಿಗಳ ಬಳಿ ಗಾಡಿ ನಿಂತಾಗ ಕೂಗಬಾರದು, ಕೈ ಹೊರಗೆ ಹಾಕಬಾರದು, ಮಂಗಗಳಿಗೆ ತಿನ್ನಲು ಕೊಡಬಾರದು. ರಾತ್ರಿ ಡೇರೆಯಿಂದ ಊಟದ ಮನೆಗೆ ಹೋಗುವುದಿದ್ದರೂ ಕಾವಲುಗಾರನೊಂದಿಗೇ ಹೋಗಬೇಕು. ಅವನನ್ನು ಅಲ್ಲಿ ಅಸ್ಕಾರಿ ಎನ್ನುತ್ತಾರೆ, ಅದೂ ಅರಬಿಯಿಂದ ಹೋದ ಪದವೇ. ನೀರಾನೆಗಳು ಹುಲ್ಲು ಮೇಯಲು ನದಿಯಿಂದ ಮೇಲೆ ಬರುವುದು ರಾತ್ರಿಯಲ್ಲೇ. ಮಸಾಯಿ ಹೆಂಗಸರ ಫೋಟೋವನ್ನು ಅವರಲ್ಲಿ ಕೇಳದೆ ತೆಗೆಯಬಾರದು. ನಮ್ಮನ್ನು ಯಾರಾದರೂ ಹಾಗೆ ತೆಗೆದರೆ ನಮಗೆ ಹೇಗಾಗುತ್ತದೆ ಎಂದು ಮಗಳಿಗೆ ಕೇಳಿದೆ, ಮುಂದೆ ಹೇಳಬೇಕಾಗಲಿಲ್ಲ.

ಮೂರನೆಯ ದಿನ ಒಂದು ಹೆಣ್ಣಾನೆ ತನ್ನ ಮರಿ ದಾರಿ ದಾಟುವ ತನಕ ನಮ್ಮ ಗಾಡಿಯ ಎದುರು ಅಡ್ಡ ನಿಂತಿತ್ತು. ಮಗಳು ಅದರ ಚಿತ್ರ ತೆಗೆದು, "ಚಿಕ್ಕಮ್ಮನಿಗೆ ತೋರಿಸಬೇಕು" ಅಂದಳು. ಈಗ ಓರಗಿತ್ತಿಗೆ ಗಂಡು ಮಗು, ಅಲ್‌ಹಮ್ದುಲಿಲ್ಲಾಹ್ ಇಬ್ಬರೂ ಆರೋಗ್ಯವಾಗಿದ್ದಾರೆ. ಮಗುವಿಗೆ ನಾಲ್ಕೈದು ವರ್ಷ ತುಂಬಿದ ಮೇಲೆ ಹೋಗೋಣವೆಂದು ಮೈದುನ ಮತ್ತೆ ಹಣ ಕೂಡಿಡಲು ಶುರು ಮಾಡಿದ್ದಾನೆ.

ಹೊರಡಬಯಸುವ ಸಹೋದರಿಯರು ಕನಿಷ್ಠ ಎರಡು ತಿಂಗಳು ಮೊದಲೇ ಕೆಲಸ ಆರಂಭಿಸಬೇಕು. ಮೊದಲು ಹೆಂಗಸರೊಳಗಿನ ಮಾತು, ನಂತರ ವೈದ್ಯರ ಭೇಟಿ. ಯಾರು ಹೋಗಬಲ್ಲರೆಂದು ಸ್ಪಷ್ಟವಾದ ಮೇಲೆ ಮುಂಗಡ. ಒಂದು ತಿಂಗಳು ಮೊದಲು ಲಸಿಕೆ, ಅನಂತರ ಇಟಿಎ ಮತ್ತು ಮಾತ್ರೆ. ಚೀಲಕ್ಕೆ ಕೊನೆಯ ವಾರ ಸಾಕು. ಗಾಡಿ ಹತ್ತುವಾಗ ಪ್ರಯಾಣದ ದುಆವನ್ನು ಮಕ್ಕಳಿಂದಲೇ ಹೇಳಿಸಿರಿ. ಅಲ್ಲಾಹನು ನಿಮ್ಮ ಸಫರ್ ಅನ್ನು ಸುಲಭಗೊಳಿಸಲಿ, ಹೋದವರನ್ನೂ ಮನೆಯಲ್ಲಿ ಉಳಿದವರನ್ನೂ ಕಾಪಾಡಲಿ.